ಹಿಮದ ಬೆಟ್ಟದಲ್ಲಿ ಹಿಂದಿರುಗುವ ವಿವೇಕ

ಬೆಟ್ಟ ಕಂಡಾಗ ಏರಬೇಕೆನ್ನಿಸುವುದು ಮನುಷ್ಯ ಸಹಜ ಗುಣ. ಮೋಶೆ ಸಿನಾಯ್ ಬೆಟ್ಟವನ್ನೇರಿದನು. ಪ್ರಭು ಯೇಸು ಪ್ರಾರ್ಥಿಸಲೆಂದು ಏಕಾಂತದಲ್ಲಿ ಬೆಟ್ಟಕ್ಕೆ ಹೋಗುತ್ತಿದ್ದರು. ಪೋಪ್ 11ನೇ ಪಿಯುಸ್‌ರವರು ಯುವ ಗುರುಗಳಾಗಿದ್ದಾಗ, 1889ರಲ್ಲಿ, ಆಲ್ಪ್ಸ್ ಪರ್ವತಶ್ರೇಣಿಯ ಮಾಂಟೆ ರೋಸಾವನ್ನು ಅದರ ಕಠಿಣವಾದ ಪೂರ್ವ ಮುಖದಿಂದ ಏರಿದವರು. ಮುಂದೆ 1923ರಲ್ಲಿ ಅವರೇ ಸಂತ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕ ಸಂತರೆಂದು ಘೋಷಿಸಿದರು. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಇಟಲಿಯ ಯುವಕ ಪಿಯೆರ್ ಜಾರ್ಜೊ ಫ್ರಸಾತಿಗೂ ಬಡವರ ಸೇವೆಯಷ್ಟೇ ಬೆಟ್ಟಗಳೂ ಪ್ರಿಯ. ಆದ್ದರಿಂದ ಬೆಟ್ಟ ಹತ್ತುವ ಯುವಜನರನ್ನು ನಾವು ತಡೆಯಬೇಕಿಲ್ಲ. ಆದರೆ ಏರುವ ಆಸೆಯ ಜೊತೆಗೆ ಇಳಿದು ಬರುವ ವಿವೇಕವನ್ನೂ ಅವರಿಗೆ ಕಲಿಸಬೇಕು.

ಈ ಮಾತಿಗೆ ಅಮೆರಿಕದ ಒರೆಗಾನ್ ರಾಜ್ಯದ ಮೌಂಟ್ ಹುಡ್ ಒಂದು ದೊಡ್ಡ ಪಾಠಶಾಲೆ. ಪೋರ್ಟ್‌ಲ್ಯಾಂಡ್ ನಗರದಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿರುವ ಈ ಪರ್ವತದ ಎತ್ತರ 3,400 ಮೀಟರಿಗೂ ಹೆಚ್ಚು. ನಗರದ ಪಕ್ಕದ ಹಿಲ್ಸ್‌ಬರೋದ ಕಂಪ್ಯೂಟರ್ ಚಿಪ್ ಉದ್ಯಮದಲ್ಲಿ ಭಾರತದ ಅನೇಕ ಇಂಜಿನಿಯರುಗಳು ಇದ್ದಾರೆ. ಚಳಿಗಾಲ ಬಂತೆಂದರೆ ರಜಾದಿನಗಳಲ್ಲಿ ಮಕ್ಕಳೊಂದಿಗೆ ಹಿಮದಲ್ಲಿ ಆಡಲು ಅಲ್ಲಿಯ ಕುಟುಂಬಗಳು ಹೋಗುವುದು ಇದೇ ಬೆಟ್ಟಕ್ಕೆ.

ಮಲಗಿರುವ ಬೆಂಕಿ

ಮೌಂಟ್ ಹುಡ್ ಒಂದು ಜ್ವಾಲಾಮುಖಿ. 18ನೇ ಶತಮಾನದ ಕೊನೆಯಲ್ಲಿ ಅದು ಬೆಂಕಿ ಕಾರಿತ್ತು. ಇಂದಿಗೂ ಶಿಖರದ ಕೆಳಗಿನ ಕ್ರೇಟರ್ ರಾಕ್ ಎಂಬ ಬಂಡೆಯ ಸುತ್ತ ನೆಲದ ಬಿರುಕುಗಳಿಂದ ಗಂಧಕದ ವಾಸನೆಯ ಬಿಸಿ ಅನಿಲ ಹೊರಬರುತ್ತದೆ. ಆ ಬಿಸಿಗೆ ಹಿಮ ಒಳಗಿನಿಂದ ಕರಗಿ ಪೊಳ್ಳಾಗುತ್ತದೆ. ಮೇಲೆ ಬಿಳಿ ಹಾಸು, ಕೆಳಗೆ ಗುಂಡಿ. ಗುಂಡಿಯಲ್ಲಿ ವಿಷಾನಿಲ ತುಂಬಿದ್ದರೆ ಬಿದ್ದವನಿಗೆ ಉಸಿರೇ ಸಿಗದು.

ದಕ್ಷಿಣದ ಆರೋಹಣದ ದಾರಿ ಶುರುವಾಗುವುದು ಸುಮಾರು 1,800 ಮೀಟರ್ ಎತ್ತರದ ಟಿಂಬರ್‌ಲೈನ್ ಲಾಡ್ಜ್ ಬಳಿ. ಅಧ್ಯಕ್ಷ ರೂಸ್‌ವೆಲ್ಟ್ 1937ರಲ್ಲಿ ಉದ್ಘಾಟಿಸಿದ ಈ ಸುಂದರ ವಸತಿಗೃಹದ ಬಾಗಿಲವರೆಗೂ ಕಾರು ಹೋಗುತ್ತದೆ. ಬೆಚ್ಚಗಿನ ಕೋಣೆ, ಬಿಸಿ ಕಾಫಿ, ಸುತ್ತಲೂ ಸ್ಕೀ ಆಡುವ ಜನ. ಇದನ್ನೆಲ್ಲ ಕಂಡಾಗ ಬೆಟ್ಟವೂ ಮನೆಯಂಗಳದಂತೆಯೇ ತೋರುತ್ತದೆ. ಅಪಾಯವಿರುವುದು ಈ ಸಲುಗೆಯಲ್ಲಿಯೇ.

1986ರ ಮೇ ತಿಂಗಳ ದುರಂತ

1986ರ ಮೇ 12ರ ನಸುಕಿನಲ್ಲಿ, ಇನ್ನೂ ಕತ್ತಲಿರುವಾಗಲೇ, ಪೋರ್ಟ್‌ಲ್ಯಾಂಡ್‌ನ ಒರೆಗಾನ್ ಎಪಿಸ್ಕೋಪಲ್ ಶಾಲೆಯ ವಿದ್ಯಾರ್ಥಿಗಳು ಟಿಂಬರ್‌ಲೈನ್‌ನಿಂದ ಹೊರಟರು. ತಂಡವನ್ನು ಮುನ್ನಡೆಸಿದವರು ಶಾಲೆಯ ಅಧ್ಯಾಪಕರೂ ಆಗಿದ್ದ ಒಬ್ಬ ಧರ್ಮಗುರು. ಆ ಬೆಟ್ಟವನ್ನು ಹಿಂದೆ ಹಲವು ಬಾರಿ ಏರಿದವರು. ಹವಾಮಾನ ಕೆಡಲಿದೆಯೆಂಬ ಮುನ್ಸೂಚನೆ ಇತ್ತು. ಕೆಲವರು ನಡುದಾರಿಯಲ್ಲೇ ಹಿಂದಿರುಗಿದರು. ಉಳಿದ 13 ಮಂದಿ ಮುಂದೆ ನಡೆದರು. ಶಿಖರಕ್ಕೆ ಸಮೀಪವಿದ್ದಾಗ ಬಿರುಗಾಳಿಯಿಂದಾಗಿ ತಿರುಗಿದರಾದರೂ, ಹೊತ್ತು ಮೀರಿತ್ತು.

ಹಿಮದ ಬಿಳುಪಿನಲ್ಲಿ ನೆಲ ಯಾವುದು, ಆಕಾಶ ಯಾವುದು ಎಂದು ತಿಳಿಯಲಿಲ್ಲ. ಚಳಿಯಿಂದ ಕುಸಿದ ಒಬ್ಬ ವಿದ್ಯಾರ್ಥಿಯನ್ನು ಬಿಟ್ಟುಹೋಗದೆ ಎಲ್ಲರೂ ಜೊತೆಗೇ ನಿಂತರು. ದಾರಿ ಪೂರ್ವಕ್ಕೆ ಸರಿದು ವೈಟ್ ರಿವರ್ ಹಿಮನದಿಯ ಅಂಚಿಗೆ ಬಂದಾಗ ಹಿಮದಲ್ಲಿ ಗವಿ ಕೊರೆದರು. ಎಲ್ಲರಿಗೂ ಅದರಲ್ಲಿ ಸ್ಥಳ ಸಾಲಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರು ಸಹಾಯ ತರಲು ಇಳಿದು ಹೋಗಿ ಬದುಕಿದರು. ಆದರೆ ಗವಿಯ ಬಾಯಿ ಹಿಮದಲ್ಲಿ ಮುಚ್ಚಿಹೋಗಿತ್ತು. 14ರಂದು ಮೂವರು ಹೊರಗೆ ಸಿಕ್ಕರು. 15ರಂದು ಉದ್ದನೆಯ ಕೋಲುಗಳಿಂದ ಹಿಮವನ್ನು ಚುಚ್ಚುತ್ತಾ ಹುಡುಕಿದ ಮೇಲೆ ಗವಿ ಸಿಕ್ಕಿತು. ಒಳಗಿದ್ದ ಎಂಟು ಮಂದಿಯಲ್ಲಿ ಬದುಕಿದವರು ಇಬ್ಬರೇ. ಒಟ್ಟು ಏಳು ವಿದ್ಯಾರ್ಥಿಗಳು, ಇಬ್ಬರು ಹಿರಿಯರು ಮೃತಪಟ್ಟರು. ಆ ಧರ್ಮಗುರುವೂ ಅವರಲ್ಲೊಬ್ಬರು.

ಯಾರನ್ನೂ ದೂರಲು ನಾವು ಇದನ್ನು ಬರೆಯುತ್ತಿಲ್ಲ. ಅವರು ಮಕ್ಕಳನ್ನು ಪ್ರೀತಿಸದವರಲ್ಲ, ಬೆಟ್ಟ ಅರಿಯದವರೂ ಅಲ್ಲ. ಅದಕ್ಕೇ ಈ ಘಟನೆ ಗುರುಗಳಾದ ನಮ್ಮನ್ನು ಹೆಚ್ಚು ಕಾಡುತ್ತದೆ. ‘ಫಾದರ್ ಜೊತೆಗಿದ್ದಾರಲ್ಲ, ಇನ್ನೇಕೆ ಚಿಂತೆ?’ ಎಂದು ತಂದೆತಾಯಂದಿರು ಮಕ್ಕಳನ್ನು ನಮ್ಮ ಕೈಗೊಪ್ಪಿಸುತ್ತಾರೆ. ನಿಲುವಂಗಿಯ ಮೇಲಿನ ಗೌರವ ಬಿರುಗಾಳಿಯನ್ನು ತಡೆಯುವುದಿಲ್ಲ. ಹದಿನೈದು ವರ್ಷದ ಹುಡುಗಿಯೊಬ್ಬಳು, ‘ಫಾದರ್, ನನಗೆ ಚಳಿಯಾಗುತ್ತಿದೆ, ಹಿಂದಿರುಗೋಣ’ ಎಂದು ಸಂಕೋಚವಿಲ್ಲದೆ ಹೇಳುವಂತಿರಬೇಕು. ಹಾಗೆ ಹೇಳಿದಾಗ ಯಾರೂ ನಗದೆ ಹಿಂದಿರುಗುವಂತಿರಬೇಕು.

ಹೊರಡುವ ಮುನ್ನ

ಹಿಮದ ಬೆಟ್ಟಕ್ಕೆ ಹೋಗುವವರು ಗಮನಿಸಬೇಕಾದ ಕೆಲವು ವಿಷಯಗಳಿವೆ.

ಮೊದಲನೆಯದು ಹವಾಮಾನ. ಹವಾಮಾನದ ವರದಿಯನ್ನೂ, ಆ ಪ್ರದೇಶದ ಹಿಮಪಾತ ಮುನ್ಸೂಚನಾ ಕೇಂದ್ರ ಚಳಿಗಾಲದಲ್ಲಿ ಪ್ರತಿದಿನ ಕೊಡುವ ಎಚ್ಚರಿಕೆಯನ್ನೂ ಓದಬೇಕು. ಇಳಿಜಾರಿನಲ್ಲಿ ಹಿಮ ಜಾರಿ ಒಬ್ಬನನ್ನು ಮುಚ್ಚಿದರೆ ಮೊದಲ ಹದಿನೈದು ನಿಮಿಷಗಳು ಬಹಳ ಅಮೂಲ್ಯ. ಹೊರಗಿನ ಸಹಾಯ ಅಷ್ಟರಲ್ಲಿ ಬರದು. ಆದ್ದರಿಂದ ಪ್ರತಿಯೊಬ್ಬನ ಬಳಿಯೂ ಸಂಕೇತ ಕಳುಹಿಸುವ ಯಂತ್ರ, ಚುಚ್ಚುಕೋಲು, ಸಲಿಕೆ ಈ ಮೂರೂ ಇರಬೇಕು.

ಎರಡನೆಯದು ಸಮಯ. ಆರೋಹಿಗಳು ನಡುರಾತ್ರಿ ಕಳೆದ ಮೇಲೆ ಹೊರಡುವುದು ಸುಮ್ಮನೆ ಅಲ್ಲ. ಬಿಸಿಲೇರಿದಂತೆ ಹಿಮ ಸಡಿಲವಾಗಿ ಮೇಲಿನ ಬಂಡೆಗಳಿಂದ ಮಂಜುಗಡ್ಡೆ, ಕಲ್ಲು ಉದುರುತ್ತವೆ. ಹಿಂದಿರುಗುವ ಗಂಟೆಯನ್ನು ಕೆಳಗೇ ನಿರ್ಧರಿಸಬೇಕು. ಶಿಖರ ನೂರು ಹೆಜ್ಜೆಯಲ್ಲಿದ್ದರೂ ಗಂಟೆಯಾದೊಡನೆ ತಿರುಗಬೇಕು.

ಮೂರನೆಯದು ದಿಕ್ಕು. ಕ್ರೇಟರ್ ರಾಕ್‌ನಿಂದ ಇಳಿಜಾರು ಕರೆದತ್ತ ಇಳಿದರೆ ಟಿಂಬರ್‌ಲೈನ್ ಸಿಗುವುದಿಲ್ಲ. ಕಾಲು ತಾನಾಗಿ ಪಶ್ಚಿಮದ ಪ್ರಪಾತದತ್ತ ಸರಿಯುತ್ತದೆ. ದಿಕ್ಸೂಚಿ, ನಕ್ಷೆ ಬೇಕು, ಅವುಗಳನ್ನು ಬಳಸಲೂ ಬರಬೇಕು. ಚಳಿಗೆ ಮೊಬೈಲಿನ ಬ್ಯಾಟರಿ ಬೇಗ ಸಾಯುತ್ತದೆ.

ನಾಲ್ಕನೆಯದು ಹಗ್ಗದ ಭ್ರಮೆ. 2002ರ ಮೇ 30ರಂದು ಇದೇ ಬೆಟ್ಟದಲ್ಲಿ ಹಗ್ಗದಿಂದ ಬಿಗಿದುಕೊಂಡವರು ಜಾರಿ, ಕೆಳಗಿದ್ದವರನ್ನೂ ಎಳೆದುಕೊಂಡು ಹಿಮದ ಬಿರುಕಿಗೆ ಬಿದ್ದರು. ಮೂವರು ಸತ್ತರು. ರಕ್ಷಣೆಗೆ ಬಂದ ಹೆಲಿಕಾಪ್ಟರ್ ಕೂಡ ಉರುಳಿತು. ಹಿಮಕ್ಕೆ ಭದ್ರವಾಗಿ ನೆಡದ ಹಗ್ಗ ಒಬ್ಬನ ಬೀಳುವಿಕೆಯನ್ನು ಎಲ್ಲರದಾಗಿಸುತ್ತದೆ.

ಐದನೆಯದು ಉಡುಪು. ಹತ್ತಿಬಟ್ಟೆ ನಮಗೆ ಬೇಸಿಗೆಯ ಗೆಳೆಯ, ಹಿಮದಲ್ಲಿ ಶತ್ರು. ಒದ್ದೆಯಾದರೆ ಅದು ಮೈಯ ಬಿಸಿಯನ್ನು ಹೀರುತ್ತದೆ. ಉಣ್ಣೆಯ ಪದರಗಳು ಲೇಸು. ದೇಹದ ಉಷ್ಣತೆ 35 ಡಿಗ್ರಿಗಿಂತ ಇಳಿದರೆ ನಡುಕ, ತೊದಲು, ಗೊಂದಲ ಶುರುವಾಗುತ್ತವೆ. ಗೊಂದಲಕ್ಕೊಳಗಾದವನಿಗೆ ತನ್ನ ಸ್ಥಿತಿ ತಿಳಿಯದು. ಪಕ್ಕದವನೇ ಗಮನಿಸಬೇಕು.

ಕೊನೆಯದಾಗಿ, ಹೆಸರು ಬರೆದು ಹೋಗಬೇಕು. 2024ರ ಜನವರಿಯಿಂದ ಮೌಂಟ್ ಹುಡ್‌ನ 9,500 ಅಡಿಗಿಂತ ಮೇಲೆ ಹೋಗಲು ಪರವಾನಗಿ ಬೇಕು. ಅದರ ಜೊತೆಗೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ತಿಳಿಸಬೇಕು.

ಶಿಖರಕ್ಕೆ ಹೋಗದೆ ಕೆಳಗೆ ಮಕ್ಕಳನ್ನು ಜಾರುಬಂಡಿ ಆಡಿಸುವವರೂ ಎಚ್ಚರವಾಗಿರಬೇಕು. ಮರದ ಬುಡದಲ್ಲಿ ಹಿಮ ಸಡಿಲವಾಗಿ ಗುಂಡಿಯಿರುತ್ತದೆ. ಮಗು ತಲೆಕೆಳಗಾಗಿ ಬಿದ್ದರೆ ಏಳಲಾಗದು. ನಿಂತ ಕಾರಿನ ಹೊಗೆಕೊಳವೆ ಹಿಮದಿಂದ ಮುಚ್ಚಿದ್ದರೆ ಎಂಜಿನ್ ಓಡಿಸಿ ಒಳಗೆ ಕೂರಬಾರದು.

ವಿವೇಕವೂ ವಿಶ್ವಾಸವೇ

‘ದೇವರು ಕಾಯುತ್ತಾನೆ’ ಎಂದು ಎಚ್ಚರಿಕೆಯನ್ನು ಬದಿಗಿಡುವವರಿದ್ದಾರೆ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಸೈತಾನನು ಹೇಳಿದಾಗ ಪ್ರಭು ಧುಮುಕಲಿಲ್ಲ. ತಂದೆಯನ್ನು ಪರೀಕ್ಷಿಸಲು ಒಪ್ಪಲಿಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಸಾಮತಿಯೂ ಅವರದೇ. ವಿವೇಕವನ್ನು ಧರ್ಮಸಭೆ ನಾಲ್ಕು ಮೂಲ ಸದ್ಗುಣಗಳಲ್ಲಿ ಒಂದೆಂದು ಎಣಿಸುತ್ತದೆ.

ಮೌಂಟ್ ಹುಡ್‌ನ ಉತ್ತರದ ಊರಾದ ಹುಡ್ ರಿವರ್‌ನಲ್ಲಿ 1926ರಿಂದ ‘ಕ್ರಾಗ್ ರ‍್ಯಾಟ್ಸ್’ ಎಂಬ ಸ್ವಯಂಸೇವಕರ ರಕ್ಷಣಾ ತಂಡವಿದೆ. ಯಾರದೋ ಮಗನಿಗಾಗಿ ಬಿರುಗಾಳಿಯಲ್ಲಿ ಹೊರಡುವ ಇಂಥವರೂ ಒಬ್ಬರ ಮಕ್ಕಳೇ, ಒಬ್ಬರ ತಂದೆಯೇ. ನಮ್ಮ ದುಡುಕಿನ ಬೆಲೆ ಅವರೂ ತೆರಬೇಕಾದೀತು.

ಪ್ರಿಯ ಓದುಗರೇ, ನಿಮ್ಮ ಮಕ್ಕಳು ದೂರದ ಹಿಮದ ಬೆಟ್ಟಕ್ಕೆ ಹೋದರೂ, ಧರ್ಮಕೇಂದ್ರದ ಯುವಜನರು ಮಳೆಗಾಲದಲ್ಲಿ ರಾಣಿಪುರಂ, ಚೆಂಬ್ರಾ ಬೆಟ್ಟಗಳಿಗೆ ಹೋದರೂ ಎರಡು ಪ್ರಶ್ನೆ ಕೇಳಿ: ಎಷ್ಟು ಗಂಟೆಗೆ ಹಿಂದಿರುಗುತ್ತೀರಿ? ಹಿಂದಿರುಗೋಣ ಎಂದು ಹೇಳುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ? ಉತ್ತರ ಸಿಕ್ಕ ಮೇಲೆ ಹಣೆಗೆ ಶಿಲುಬೆಯ ಗುರುತು ಹಾಕಿ, ಆಶೀರ್ವದಿಸಿ ಕಳುಹಿಸಿ. ಬೆಟ್ಟ ನಾಳೆಯೂ ಅಲ್ಲೇ ಇರುತ್ತದೆ.