ಹಗುರ ಹೆಜ್ಜೆಯ ಚದುರಂಗ

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಕುಂಸಿ ದಾಟಿ ಕಾಡಿನ ದಾರಿ ಹಿಡಿದ ಮೇಲೆ ಮೊಬೈಲಿನ ಸಿಗ್ನಲ್ ಕಣ್ಣಾಮುಚ್ಚಾಲೆ ಆಡಲು ಶುರುಮಾಡುತ್ತದೆ. ಕಳೆದ ಮಳೆಗಾಲದಲ್ಲಿ ಆ ರೈಲಿನ ಕಿಟಕಿ ಪಕ್ಕ ಕೂತು ನಾನು ಚದುರಂಗ ಆಡುತ್ತಿದ್ದೆ. ಎದುರಾಳಿಯ ಹೆಸರಿನ ಪಕ್ಕ ಬ್ರೆಜಿಲ್ ದೇಶದ ಬಾವುಟ. ಇಬ್ಬರಿಗೂ ಹತ್ತತ್ತು ನಿಮಿಷದ ಗಡಿಯಾರ. ಎದುರಿನ ಸೀಟಿನ ಹುಡುಗ ನೋಡುತ್ತಿದ್ದ ವಿಡಿಯೊ ನಿಂತು ಬಹಳ ಹೊತ್ತಾಗಿತ್ತು. ನಾನು ಮನೆಗೆ ಕಳಿಸಿದ ಫೋಟೊ ಹೋಗದೆ ಸುತ್ತುತ್ತಲೇ ಇತ್ತು. ಆದರೆ ಗುಡ್ಡದ ಸಂದಿಯಲ್ಲೆಲ್ಲೋ ಸಿಗ್ನಲ್ಲಿನ ಒಂದೇ ಒಂದು ಗೆರೆ ಮೂಡಿ ಮರೆಯಾಗುವಷ್ಟರಲ್ಲಿ ನನ್ನ ಕುದುರೆಯ ನಡೆ ಆ ಕಡೆಗೆ ದಾಟಿ, ಅವರ ಒಂಟೆಯ ಉತ್ತರ ಈ ಕಡೆಗೆ ಬಂದುಬಿಟ್ಟಿತ್ತು.

ಅದು ಹೇಗೆ ಎಂದರೆ, ನಾನು ಆಡುತ್ತಿದ್ದ ಜಾಲತಾಣದಲ್ಲಿ ಫೋನಿನಿಂದ ಹೊರಡುವ ಒಂದು ನಡೆ ನಾಲ್ಕು ಅಕ್ಷರ, ಅದರ ಸುತ್ತ ಒಂದಿಷ್ಟು ಕಟ್ಟು. ಯಾವ ಮನೆಯಿಂದ, ಯಾವ ಮನೆಗೆ, ಅಷ್ಟೆ. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟರೆ ‘ಇ2ಇ4’ ಎಂದು ಹೋಗುತ್ತದೆ. ಹಲಗೆ, ಕಾಯಿಗಳ ಚಿತ್ರಗಳೆಲ್ಲ ಮೊದಲೇ ಫೋನಿಗೆ ಬಂದು ಕೂತಿರುತ್ತವೆ. ಮತ್ತೆ ಮತ್ತೆ ಹೊತ್ತು ತರುವ ಪ್ರಮೇಯವಿಲ್ಲ.

ಈ ತಾಣದ ಹೆಸರು ಲೀಚೆಸ್. 2010ರಲ್ಲಿ ಫ್ರಾನ್ಸಿನ ಪ್ರೋಗ್ರಾಮರ್ ತಿಬೊ ಡ್ಯುಪ್ಲೆಸಿ ಹವ್ಯಾಸಕ್ಕೆಂದು ಕಟ್ಟಲು ಶುರುಮಾಡಿದ್ದು. ಹೆಸರಿನ ಮೊದಲಲ್ಲಿರುವ ‘ಲೀ’ಯಲ್ಲಿ ಮೂರು ಮಾತು ಅಡಗಿವೆ: ಲೈವ್, ಲೈಟ್, ಲಿಬ್ರೆ. ಅಂದರೆ ಆ ಕ್ಷಣದ್ದು, ಹಗುರವಾದದ್ದು, ಸ್ವತಂತ್ರವಾದದ್ದು. ಇಲ್ಲಿ ಜಾಹೀರಾತಿಲ್ಲ, ಶುಲ್ಕವಿಲ್ಲ, ಹೆಸರು ನೋಂದಾಯಿಸದೆಯೂ ಆಡಬಹುದು. ವಿಶ್ವ ಚಾಂಪಿಯನ್ ಆಗಿದ್ದ ಮ್ಯಾಗ್ನಸ್ ಕಾರ್ಲ್‌ಸನ್ ಬಂದು ಆಡಿದ್ದೂ ಇಲ್ಲೇ, ನಿನ್ನೆ ಕಾಯಿ ನಡೆಸಲು ಕಲಿತ ಮಗು ಆಡುವುದೂ ಇಲ್ಲೇ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅನುವಾದ ಮಾಡುವವರು ಸ್ವಯಂಸೇವಕರು.

2013ರ ಜನವರಿಯಲ್ಲಿ ಈ ತಾಣದಲ್ಲಿ ನಡೆದ ರೇಟಿಂಗ್ ಆಟಗಳು 1,21,332. ಈಚಿನ ವರ್ಷಗಳಲ್ಲಿ ತಿಂಗಳಿಗೆ ಒಂಬತ್ತು ಕೋಟಿಯ ಆಸುಪಾಸು. ಜನ ಹೆಚ್ಚಿರುವ ಹೊತ್ತಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಆಟಗಾರರು ಒಟ್ಟಿಗೆ ಒಳಗಿರುತ್ತಾರೆ. ಒಬ್ಬನ ಬಿಡುವಿನ ವೇಳೆಯಲ್ಲಿ ಶುರುವಾದ ಕೆಲಸ ಇಷ್ಟು ಜನರನ್ನು ಹೊತ್ತು ನಿಂತಿದೆ ಎಂಬುದರಲ್ಲಿ ಎಷ್ಟು ಬೆವರಿದೆ ಎಂಬುದು, ಅಂಥ ತಾಣವೊಂದು ಮುಚ್ಚಿದ್ದನ್ನು ಹತ್ತಿರದಿಂದ ಕಂಡವರಿಗೆ ಚೆನ್ನಾಗಿ ಗೊತ್ತು.

ನಾನು ಕಂಡಿದ್ದೇನೆ. ನನ್ನ ಗೆಳೆಯನೊಬ್ಬ ಬೆಂಕಿಪೊಟ್ಟಣದ ಚೀಟಿಗಳನ್ನು ಚಿಕ್ಕಂದಿನಿಂದ ಕೂಡಿಡುತ್ತಿದ್ದ. ಹುಲಿ, ರೈಲು, ನವಿಲು, ತಿರುಗುಮುರುಗಾಗಿ ಅಚ್ಚಾದ ನಕ್ಷೆ, ಹೀಗೆ ಆರುನೂರಕ್ಕೂ ಹೆಚ್ಚು. 2009ರ ಸುಮಾರಿಗೆ ಅವನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ಜಾಲತಾಣಕ್ಕೆ ಏರಿಸಿದ. ಬಾಡಿಗೆಗೆ ಪಡೆದ ಜಾಗದಲ್ಲಿ ತಿಂಗಳಿಗೆ 5 ಜಿಬಿಯಷ್ಟು ಮಾಹಿತಿ ಹೊರಹೋಗಬಹುದು ಎಂಬ ಮಿತಿ ಇತ್ತು. ಆಗ ಅದು ಸಮುದ್ರದಷ್ಟು ಎನಿಸಿತ್ತು. ಒಂದೊಂದು ಚೀಟಿಯ ಚಿತ್ರ 300 ಕೆಬಿ. ಬಂದವರು ಇಪ್ಪತ್ತು ಚೀಟಿ ನೋಡಿದರೆ 6 ಎಂಬಿ. ಎಂಟುನೂರು ಚಿಲ್ಲರೆ ಜನ ಬಂದರೆ ತಿಂಗಳ ಪಾಲು ಮುಗಿಯಿತು. ಪತ್ರಿಕೆಯೊಂದರಲ್ಲಿ ಆ ಸಂಗ್ರಹದ ಬಗ್ಗೆ ನಾಲ್ಕು ಸಾಲು ಬಂದದ್ದೇ ತಡ, ಎರಡನೆಯ ದಿನ ಮಧ್ಯಾಹ್ನಕ್ಕೆ ಹುಲಿಯೂ ಇಲ್ಲ, ನವಿಲೂ ಇಲ್ಲ. ಬಿಳಿ ಪುಟದ ಮೇಲೆ ‘509’ ಎಂಬ ಸಂಖ್ಯೆ, ಮಿತಿ ಮೀರಿದೆ ಎಂಬ ಒಂದು ಸಾಲು. ಮುಂದಿನ ತಿಂಗಳ ಒಂದನೇ ತಾರೀಖಿನ ತನಕ ಅದೇ. ದೊಡ್ಡ ಬಾಡಿಗೆಯ ಯೋಜನೆ ತೆಗೆದುಕೊಳ್ಳಿ ಎಂದರು ಕಂಪನಿಯವರು. ಅವನ ಸಂಬಳಕ್ಕೆ ಅದು ಆಗುವ ಮಾತಾಗಿರಲಿಲ್ಲ. ಮರುವರ್ಷ ಅವನು ಬಾಡಿಗೆ ಕಟ್ಟುವುದನ್ನೇ ನಿಲ್ಲಿಸಿದ.

ಪುಸ್ತಕ ಹೆಚ್ಚು ಮಾರಾಟವಾದರೆ ಬರೆದವನಿಗೆ ನಾಲ್ಕು ಕಾಸು ಬರುತ್ತದೆ. ಪುಕ್ಕಟೆ ಜಾಲತಾಣದ ಲೆಕ್ಕ ಇದಕ್ಕೆ ತಿರುಗುಮುರುಗು. ಬಂದ ಪ್ರತಿಯೊಬ್ಬ ಅತಿಥಿಯೂ ಖರ್ಚು. ಜನ ಎಷ್ಟು ಪ್ರೀತಿಸುತ್ತಾರೋ ಅಷ್ಟು ಬೇಗ ಮನೆ ಬರಿದು. ಆಗ ಹೆಚ್ಚಿನವರು ಜಾಹೀರಾತು ಹಾಕುತ್ತಾರೆ, ಇಲ್ಲವೇ ಬಾಗಿಲು ಹಾಕುತ್ತಾರೆ. ಲೀಚೆಸ್‌ನವರು ಎರಡನ್ನೂ ಮಾಡಲಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂಬ ಮಾತನ್ನು ಅವರಷ್ಟು ಶ್ರದ್ಧೆಯಿಂದ ಪಾಲಿಸಿದ ಇನ್ನೊಂದು ತಾಣ ನನಗೆ ಗೊತ್ತಿಲ್ಲ.

ಆಡಿ ಮುಗಿದ ಆಟಗಳನ್ನು ಅವರು ಜೋಪಾನ ಮಾಡುವ ಬಗೆಯನ್ನೇ ನೋಡಿ. ಯಾವ ಆಟವನ್ನೂ ಎಸೆಯುವುದಿಲ್ಲ. ಹತ್ತು ವರ್ಷದ ಹಿಂದೆ ನೀವು ಸೋತ ಆಟವೂ ಇಂದು ತೆಗೆದರೆ ಸಿಗುತ್ತದೆ. ಕೋಟಿ ಕೋಟಿ ಆಟಗಳನ್ನು ಇಡಲು ಜಾಗ ಬೇಕು, ಜಾಗಕ್ಕೆ ಬಾಡಿಗೆ ಕಟ್ಟಬೇಕು. ಹಲಗೆಯಲ್ಲಿ 64 ಮನೆ. ಒಂದು ಮನೆಯನ್ನು ಗುರುತಿಸಲು ಕಂಪ್ಯೂಟರಿಗೆ 6 ಬಿಟ್ ಬೇಕು. ಎಲ್ಲಿಂದ, ಎಲ್ಲಿಗೆ ಎಂದು ಎರಡು ಮನೆ ಬರೆದರೆ ಒಂದು ನಡೆಗೆ 12 ಬಿಟ್. ಸಾಮಾನ್ಯ ಲೆಕ್ಕದಲ್ಲಿ ಇದೇ ಜಿಪುಣತನ. ಆದರೆ ಒಂದು ಮಾತು ಗಮನಿಸಿ: ಯಾವ ಹೊತ್ತಿನಲ್ಲೂ ಆಟಗಾರನ ಮುಂದೆ ಎಲ್ಲ ಮನೆಗಳೂ ತೆರೆದಿರುವುದಿಲ್ಲ. ಆಟದ ಮೊದಲಲ್ಲಿ ಬಿಳಿಯವರಿಗೆ ಇರುವುದು ಸರಿಯಾಗಿ ಇಪ್ಪತ್ತು ನಡೆ, ಕಾಲಾಳುಗಳದ್ದು ಹದಿನಾರು, ಕುದುರೆಗಳದ್ದು ನಾಲ್ಕು. ಆಟದ ನಡುವೆ ಅದು ಮೂವತ್ತರ ಆಸುಪಾಸು. ಹಾಗಾದರೆ ಮನೆಯ ವಿಳಾಸ ಯಾಕೆ ಬರೆಯಬೇಕು? ಸಾಧ್ಯವಿರುವ ನಡೆಗಳಲ್ಲಿ ಇದು ಎಷ್ಟನೆಯದು ಎಂದು ಬರೆದರೆ ಸಾಕಲ್ಲ. ಮೂವತ್ತೆರಡರಲ್ಲಿ ಒಂದನ್ನು ಹೇಳಲು 5 ಬಿಟ್ ಸಾಕು.

ಅವರು ಇಲ್ಲಿಗೇ ನಿಲ್ಲಲಿಲ್ಲ. ತಂಡದಲ್ಲಿರುವ ಜರ್ಮನಿಯ ನಿಕ್ಲಾಸ್ ಫೀಕಾಸ್ 2018ರಲ್ಲಿ ರೂಪಿಸಿದ ಪದ್ಧತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಾಧ್ಯವಿರುವ ನಡೆಗಳನ್ನು ಮೊದಲು ಸಾಲಾಗಿ ಜೋಡಿಸುವುದು. ಆಟಗಾರ ಆಡುವ ಸಂಭವ ಹೆಚ್ಚಿರುವ ನಡೆ ಮುಂದೆ, ಎದುರಾಳಿಯ ಕಾಯಿ ಹೊಡೆಯುವ ನಡೆಗೆ ಮುಂದಿನ ಸ್ಥಾನ, ಎದುರಿನ ಕಾಲಾಳಿನ ಬಾಯಿಗೆ ಸುಮ್ಮನೆ ಹೋಗಿ ಬೀಳುವ ನಡೆ ಹಿಂದೆ. ಸಾಲಿನ ಮುಂದಿರುವುದಕ್ಕೆ ಚಿಕ್ಕ ಸಂಕೇತ, ಹಿಂದಿರುವುದಕ್ಕೆ ಉದ್ದ ಸಂಕೇತ. ತಂತಿ ಕಚೇರಿಯ ಮೋರ್ಸ್ ಲಿಪಿಯೂ ಇದೇ ಹಾದಿಯದು. ಇಂಗ್ಲಿಷಿನಲ್ಲಿ ಹೆಚ್ಚು ಬಳಕೆಯಾಗುವ ಅಕ್ಷರಕ್ಕೆ ಒಂದೇ ಚುಕ್ಕಿ, ಅಪರೂಪದ ಅಕ್ಷರಕ್ಕೆ ನಾಲ್ಕು ಗುರುತು. ಮಾಮೂಲಿ ನಡೆ ಕೆಲವೇ ಬಿಟ್‌ಗಳಲ್ಲಿ ಮುಗಿಯುತ್ತದೆ. ಯಾರೂ ಊಹಿಸದ ಬಲಿದಾನದ ನಡೆಗೆ ಮಾತ್ರ ಹೆಚ್ಚು ಜಾಗ ಬೇಕು. ಚೆಂದದ ಆಟ ಹೆಚ್ಚು ಜಾಗ ಕೇಳುತ್ತದೆ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ.

ಹೀಗೆ ಮಡಿಚಿಟ್ಟ ಆಟವನ್ನು ಬಿಡಿಸಲು ಮೊದಲ ನಡೆಯಿಂದ ಮತ್ತೆ ಆಡಿಕೊಂಡೇ ಬರಬೇಕು. ಒಂದೊಂದು ಹೆಜ್ಜೆಗೂ ಸಾಧ್ಯ ನಡೆಗಳ ಸಾಲನ್ನು ಹೊಸದಾಗಿ ಜೋಡಿಸಬೇಕು. ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸವೂ ಅಲ್ಲ. ನಲವತ್ತು ಸುತ್ತಿನ ಆಟವೆಂದರೆ ಎರಡೂ ಕಡೆ ಸೇರಿ ಎಂಬತ್ತು ನಡೆ. 12 ಬಿಟ್‌ನ ಲೆಕ್ಕದಲ್ಲಿ 120 ಬೈಟ್, 5 ಬಿಟ್‌ನ ಲೆಕ್ಕದಲ್ಲೇ ಹಿಡಿದರೂ 50. ಉಳಿದದ್ದು 70 ಬೈಟ್. ಒಂಬತ್ತು ಕೋಟಿ ಆಟಕ್ಕೆ ಗುಣಿಸಿದರೆ ತಿಂಗಳಿಗೆ 6 ಜಿಬಿಗೂ ಹೆಚ್ಚು, ಇಟ್ಟ ಪ್ರತಿಯೊಂದು ನಕಲಿನಲ್ಲೂ ಅಷ್ಟಷ್ಟು. ನನ್ನ ಗೆಳೆಯನ ತಾಣವನ್ನು ಮುಚ್ಚಿಸಿದ್ದು 5 ಜಿಬಿ.

ಇನ್ನು ಆಟದ ವಿಶ್ಲೇಷಣೆ. ಸೋತ ಮೇಲೆ ಎಲ್ಲಿ ಎಡವಿದೆ ಎಂದು ತಿಳಿಯದಿದ್ದರೆ ನಿದ್ದೆ ಬಾರದು. ಗುಂಡಿ ಒತ್ತಿದರೆ ಸ್ಟಾಕ್‌ಫಿಶ್ ಎಂಬ ತಂತ್ರಾಂಶ ಪ್ರತಿ ನಡೆಯನ್ನೂ ಜಾಲಾಡಿ ತಪ್ಪು ತೋರಿಸುತ್ತದೆ. ಲೋಕದ ಯಾವ ಗ್ರ್ಯಾಂಡ್‌ಮಾಸ್ಟರನಿಗಿಂತಲೂ ಬಲಶಾಲಿಯಾದ ತಂತ್ರಾಂಶ ಅದು. ಅದರ ಹಸಿವೂ ಅಷ್ಟೇ ದೊಡ್ಡದು, ಪ್ರೊಸೆಸರಿನ ಶಕ್ತಿಯನ್ನೆಲ್ಲ ಹೀರುತ್ತದೆ. ದಿನಕ್ಕೆ ಬರುವ ಅಷ್ಟೂ ಕೋರಿಕೆಗಳಿಗೆ ಬಾಡಿಗೆ ಯಂತ್ರಗಳನ್ನು ಹಚ್ಚಿದರೆ ದೇಣಿಗೆಯೆಲ್ಲ ಅಲ್ಲಿಗೇ ಸರಿ. ಹಾಗಾಗಿ ಕೆಲಸವನ್ನು ಹಂಚಿದರು. ನೀವೇ ಹಲಗೆ ಮುಂದಿಟ್ಟುಕೊಂಡು ಹುಡುಕುವಾಗ ಸ್ಟಾಕ್‌ಫಿಶ್ ಓಡುವುದು ನಿಮ್ಮದೇ ಫೋನಿನಲ್ಲಿ, ಬ್ರೌಸರಿನ ಒಳಗೆ. ತಾಣಕ್ಕೆ ಅದರ ಭಾರವೇ ಇಲ್ಲ. ಇಡೀ ಆಟದ ವಿಶ್ಲೇಷಣೆ ಕೋರಿದರೆ ಆ ಕೆಲಸ ‘ಫಿಶ್‌ನೆಟ್’ ಎಂಬ ಬಲೆಗೆ ಬೀಳುತ್ತದೆ. ಲೋಕದ ಬೇರೆ ಬೇರೆ ಕಡೆ ಸ್ವಯಂಸೇವಕರು ತಮ್ಮ ಮನೆಯ, ಕಚೇರಿಯ ಕಂಪ್ಯೂಟರುಗಳನ್ನು ಈ ಬಲೆಗೆ ಕಟ್ಟಿದ್ದಾರೆ. ಸಾಲಿನಲ್ಲಿರುವ ಆಟವೊಂದನ್ನು ಯಾವುದೋ ಊರಿನ ಯಂತ್ರ ಎತ್ತಿಕೊಂಡು, ಲೆಕ್ಕ ಹಾಕಿ, ಉತ್ತರ ಮರಳಿಸುತ್ತದೆ. ನಮ್ಮ ಮಲೆನಾಡಿನ ಮುಯ್ಯಾಳು ಪದ್ಧತಿಯನ್ನು ನೋಡಿದವರಿಗೆ ಇದು ಹೊಸದೇನಲ್ಲ. ನಿಮ್ಮ ಗದ್ದೆಗೆ ನಾನು, ನನ್ನ ಗದ್ದೆಗೆ ನೀವು.

ಇಷ್ಟೆಲ್ಲ ಉಳಿಸಿದರೂ ಖರ್ಚು ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್. ಅದನ್ನು ಬಚ್ಚಿಟ್ಟಿಲ್ಲ. ಯಾವ ಸರ್ವರಿಗೆ ಎಷ್ಟು ಬಾಡಿಗೆ ಎಂಬ ಪಟ್ಟಿ ಯಾರು ಬೇಕಾದರೂ ನೋಡಬಹುದಾದ ಹಾಳೆಯಲ್ಲಿದೆ, ಸ್ಥಾಪಕನ ಸಂಬಳದ ಸಮೇತ. ದುಡ್ಡು ಬರುವುದು ಆಟಗಾರರ ದೇಣಿಗೆಯಿಂದ. ಕೊಟ್ಟವರಿಗೆ ‘ಪೇಟ್ರನ್’, ಅಂದರೆ ಆಶ್ರಯದಾತ, ಎಂಬ ಹೆಸರು, ಬಳಕೆದಾರರ ಹೆಸರಿನ ಪಕ್ಕ ಪುಟ್ಟ ರೆಕ್ಕೆಯ ಚಿಹ್ನೆ. ಕೊಡದವರಿಗೆ ಏನೇನು ಸಿಗುತ್ತದೆ, ಕೊಟ್ಟವರಿಗೆ ಏನೇನು ಸಿಗುತ್ತದೆ ಎಂದು ಎರಡು ಸಾಲು ಮಾಡಿ ತೋರಿಸುವ ಪುಟವೊಂದಿದೆ. ಎರಡೂ ಸಾಲಿನಲ್ಲಿ ಇರುವುದು ಒಂದೇ, ಆ ರೆಕ್ಕೆ ಒಂದನ್ನು ಬಿಟ್ಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಚದುರಂಗವೆಂದರೆ ಪ್ರಾಣ. ಕುದುರೆ ಒಂದೊಂದು ಮನೆಗೂ ಒಂದೇ ಸಲ ಕಾಲಿಟ್ಟು ಹಲಗೆಯನ್ನೆಲ್ಲ ಸುತ್ತುವ ಹಲವು ದಾರಿಗಳನ್ನು ಹೊಸೆದವರು ಅವರು. ಆಗ ಆಟಕ್ಕೆ ಅರಮನೆಯ ಆಶ್ರಯವಿತ್ತು. ಲೀಚೆಸ್‌ನ ಅಂಗಳಕ್ಕೆ ಅರಸರಿಲ್ಲ, ಹನಿಹನಿಯಾಗಿ ಕೊಡುವ ಸಾವಿರಾರು ಆಶ್ರಯದಾತರಿದ್ದಾರೆ. ಅದಕ್ಕೇ ಅದು ಯಾರ ಸ್ವತ್ತೂ ಅಲ್ಲ. ಫ್ರಾನ್ಸಿನ ಕಾನೂನಿನಡಿ ಲಾಭರಹಿತ ಸಂಘ, ತಂತ್ರಾಂಶದ ಪ್ರತಿಯೊಂದು ಸಾಲೂ ಬಹಿರಂಗ.

ಕಷ್ಟಗಳು ಬಂದಿಲ್ಲವೆಂದಲ್ಲ. 2020ರಲ್ಲಿ ಲಾಕ್‌ಡೌನ್ ಬಂತು, ಅದರ ಬೆನ್ನಿಗೇ ‘ದ ಕ್ವೀನ್ಸ್ ಗ್ಯಾಂಬಿಟ್’ ಧಾರಾವಾಹಿ ಬಂತು, ಜನ ನೆರೆಯಂತೆ ನುಗ್ಗಿದರು. 2021ರ ಮಾರ್ಚ್ 10ರಂದು ಸ್ಟ್ರಾಸ್‌ಬರ್ಗ್ ನಗರದ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ಕಟ್ಟಡವೊಂದು ಸುಟ್ಟುಹೋದಾಗ ಅಲ್ಲಿ ಲೀಚೆಸ್‌ನ ಸರ್ವರುಗಳೂ ಇದ್ದವು. ನಕಲುಗಳು ಬೇರೆಡೆ ಇದ್ದುದರಿಂದ ತಾಣ ಬೇಗನೆ ಎದ್ದು ಕೂತಿತು. ಈಗ ಹವ್ಯಾಸಿ ತಾಣಗಳಿಗೆಲ್ಲ ಹೊಸ ಕಾಟ ಶುರುವಾಗಿದೆ. ಕೃತಕ ಬುದ್ಧಿಮತ್ತೆಗೆ ಮೇವು ಹುಡುಕುವ ಬಾಟ್‌ಗಳು ಹಗಲಿರುಳು ಪುಟಗಳನ್ನು ಮೇಯುತ್ತವೆ, ಮನುಷ್ಯರಿಗಾಗಿ ಇಟ್ಟ ಪಾಲನ್ನು ಖಾಲಿ ಮಾಡುತ್ತವೆ. ಲೀಚೆಸ್ ಮಾತ್ರ ಬಹಳ ಹಿಂದಿನಿಂದಲೇ ರೇಟಿಂಗ್ ಆಟಗಳನ್ನೆಲ್ಲ ತಿಂಗಳ ಲೆಕ್ಕದಲ್ಲಿ ಕಟ್ಟಿ, ಯಾರು ಬೇಕಾದರೂ ಒಯ್ಯಿರಿ ಎಂದು ಹೊರಗಿಡುತ್ತ ಬಂದಿದೆ. ಅದಕ್ಕೆ ಟೊರೆಂಟ್ ವ್ಯವಸ್ಥೆಯೂ ಇದೆ. ಇಳಿಸಿಕೊಂಡವರು ಮುಂದಿನವರಿಗೆ ತಾವೇ ಹಂಚುತ್ತಾರೆ, ಭಾರ ಒಂದೇ ಹೆಗಲಿನ ಮೇಲೆ ಬೀಳುವುದಿಲ್ಲ. ಸಂಶೋಧಕರು, ವಿದ್ಯಾರ್ಥಿಗಳು ಈ ಗಂಟನ್ನು ಬಿಚ್ಚಿ ಮನುಷ್ಯರು ಹೇಗೆ ತಪ್ಪುತ್ತಾರೆ ಎಂಬುದನ್ನು ಅಭ್ಯಾಸ ಮಾಡುತ್ತಿದ್ದಾರೆ.

ನಮ್ಮ ಮನೆಯಲ್ಲಿ ಹತ್ತು ವರ್ಷ ಹಳೆಯ ಕಂಪ್ಯೂಟರೊಂದಿದೆ. ಲೀಚೆಸ್‌ನವರಿಂದ ಕೀಲಿಸಂಖ್ಯೆ ಪಡೆದು ಕಳೆದ ದೀಪಾವಳಿಯಿಂದ ಅದನ್ನು ಫಿಶ್‌ನೆಟ್ಟಿಗೆ ಕಟ್ಟಿದ್ದೇನೆ. ರಾತ್ರಿ ಊಟ ಮುಗಿಸಿ ಚಾಲೂ ಮಾಡಿ ಮಲಗುತ್ತೇನೆ. ಸುಮ್ಮನಿದ್ದ ಫ್ಯಾನು ಇದ್ದಕ್ಕಿದ್ದಂತೆ ಸದ್ದು ಏರಿಸಿದರೆ ಎಲ್ಲಿಂದಲೋ ಒಂದು ಆಟ ಬಂದಿದೆ ಎಂದು ಅರ್ಥ. ಆಡಿದವರು ಯಾರೋ, ಯಾವ ದೇಶದವರೋ. ಎಲ್ಲಿ ಎಡವಿದೆ ಎಂದು ತಿಳಿಯಲು ಕಾದು ಕೂತಿರುತ್ತಾರೆ. ಸ್ವಲ್ಪ ಹೊತ್ತಿಗೆ ಫ್ಯಾನು ತಣ್ಣಗಾಗುತ್ತದೆ, ಉತ್ತರ ಹೊರಟುಹೋಗಿರುತ್ತದೆ. ಮತ್ತೆ ಸದ್ದು ಏಳುವ ತನಕ ಹೊರಗಿನ ಜೀರುಂಡೆಗಳದ್ದೇ ದನಿ.