ಹಡಗಿನ ಎರಡು ಹಿರಿತನಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಗೆ ಕಡಲಿಲ್ಲ. ಇಲ್ಲಿಯ ಜನಕ್ಕೆ ಕೆರೆಯೇ ಸಮುದ್ರ; ಅದೂ ಮಳೆ ಕೈಕೊಟ್ಟ ವರ್ಷ ಬತ್ತಿಹೋಗುವ ಸಮುದ್ರ. ಆದರೂ ಈ ಸೀಮೆಯನ್ನು ಸಾಕಿ ಸಲಹುತ್ತಿರುವ ಕಲ್ಪತರು ಮೂಲತಃ ಕಡಲ ಕರೆಯ ಮರ. ಅದರ ಕಾಯಿ ಅಲೆಗಳ ಮೇಲೆ ತೇಲಿ ದೂರದ ದಡಗಳನ್ನು ಸೇರಬಲ್ಲುದು. ಅದರ ನಾರಿನ ಹುರಿಯಿಂದ ಹಲಗೆಗೆ ಹಲಗೆಯನ್ನು ಹೊಲಿದು ಕಟ್ಟಿದ ನಾವೆಗಳು ಶತಮಾನಗಳ ಕಾಲ ಅರಬ್ಬೀ ಸಮುದ್ರವನ್ನು ದಾಟಿದುವು. ಹೀಗಿರುವಾಗ ತೆಂಗಿನ ನಾಡಿನವರು ಹಡಗಿನ ಮಾತನ್ನಾಡಿದರೆ ಅದು ಅಧಿಕಪ್ರಸಂಗವಾಗಲಾರದು. ಹಡಗನ್ನು ನಿಜವಾಗಿ ನಡೆಸುವವರು ಯಾರು ಎಂಬ ಪ್ರಶ್ನೆಗೆ ನಮ್ಮ ಕೊಬ್ಬರಿಯ ಅಟ್ಟದಲ್ಲಿಯೇ ಅರ್ಧ ಉತ್ತರ ಉಂಟು.

ಉಂಡೆ ಕೊಬ್ಬರಿ ಅವಸರದಿಂದ ಆಗುವ ಪದಾರ್ಥವಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ 10-12 ತಿಂಗಳು ಹಾಗೆಯೇ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಡಿಸಿಕೊಂಡ ಮೇಲೆ, ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದಾಗುತ್ತದೆ. ಎಷ್ಟು ಕಾಯಿ ಏರಿಸಬೇಕು, ಯಾವಾಗ ಮಾರಬೇಕು ಎಂಬುದು ಯಜಮಾನನ ನಿರ್ಧಾರ. ಲಾಭನಷ್ಟದ ಹೊಣೆಯೂ ಅವನದೇ. ಆದರೆ ಕಾಯಿ ಕೊಬ್ಬರಿಯಾಯಿತೇ ಇಲ್ಲವೇ ಎಂಬುದನ್ನು ಕಿವಿಯಿಂದಲೇ ತಿಳಿದು ಹೇಳಬಲ್ಲವನು ವರ್ಷಗಟ್ಟಲೆ ಸುಲಿದು ಪಳಗಿದ ಆಳು. ಒಬ್ಬನದು ಹೊಣೆಯಿಂದ ಬಂದ ಹಿರಿತನ, ಇನ್ನೊಬ್ಬನದು ಅನುಭವದಿಂದ ಬಂದದ್ದು. ಇವೆರಡು ಒಂದನ್ನೊಂದು ಗೌರವಿಸದ ಮನೆಯಲ್ಲಿ ಕೊಬ್ಬರಿ ಕೆಡುತ್ತದೆ.

ಯುದ್ಧನೌಕೆಯಲ್ಲಿಯೂ ಹಿರಿತನ ಎರಡು ಬಗೆಯದು. ರಾಷ್ಟ್ರಪತಿಗಳ ಸನ್ನದನ್ನು ಪಡೆದ ಅಧಿಕಾರಿಗಳದು ಒಂದು ಸಾಲು. ಸಬ್ ಲೆಫ್ಟಿನೆಂಟನಿಂದ ಅಡ್ಮಿರಲ್‌ವರೆಗೆ ಅದು ಏರುತ್ತದೆ. ಸಾಮಾನ್ಯ ನಾವಿಕನಾಗಿ ಸೇರಿ, ಲೀಡಿಂಗ್ ಸೀಮನ್, ಪೆಟಿ ಆಫೀಸರ್, ಚೀಫ್ ಪೆಟಿ ಆಫೀಸರ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಮಾಸ್ಟರ್ ಚೀಫ್ ಪೆಟಿ ಆಫೀಸರ್ ಆಗುವವರದು ಮತ್ತೊಂದು. ಹಡಗಿನ ಸಮಸ್ತ ಹೊಣೆ ಕಪ್ತಾನನದು. ಅವನು ನಿದ್ರೆಯಲ್ಲಿದ್ದಾಗ ಹಡಗು ಬಂಡೆಗೆ ತಾಗಿದರೂ ಉತ್ತರ ಹೇಳಬೇಕಾದವನು ಅವನೇ. ಅವನ ಬಲಗೈಯಾದ ಎಕ್ಸಿಕ್ಯುಟಿವ್ ಆಫೀಸರನು ದಿನದಿನದ ಕೆಲಸವನ್ನೂ ಶಿಸ್ತನ್ನೂ ನೋಡಿಕೊಳ್ಳುತ್ತಾನೆ. ಆದರೆ ಆಜ್ಞೆಯನ್ನು ಕೆಲಸವನ್ನಾಗಿ ಮಾರ್ಪಡಿಸುವವರು, ಹಗ್ಗವನ್ನು ಹಿಡಿವ ಕೈಗೂ ಯಂತ್ರವನ್ನು ಆಲಿಸುವ ಕಿವಿಗೂ ಪಾಠ ಹೇಳುವವರು, ಹಿರಿಯ ನಾವಿಕರೇ.

ನಾವಿಕರನ್ನು ತಂಡಗಳಾಗಿ ವಿಂಗಡಿಸಿ ಒಂದೊಂದನ್ನೂ ಒಬ್ಬ ಅಧಿಕಾರಿಗೆ ಒಪ್ಪಿಸುವ ಪದ್ಧತಿ ನೌಕಾಪಡೆಯಲ್ಲಿ ಉಂಟು. ಅದಕ್ಕೆ ಡಿವಿಷನ್ ಪದ್ಧತಿಯೆಂದು ಹೆಸರು. ನಾವಿಕನ ರಜೆ, ಬಡ್ತಿ, ಊರಿನಲ್ಲಿರುವ ತಾಯಿಯ ಕಾಯಿಲೆ, ಎಲ್ಲವೂ ಆ ಅಧಿಕಾರಿಯ ಕಿವಿಗೆ ಬೀಳಬೇಕು. ಅವನು ಬಹುಮಟ್ಟಿಗೆ ಇಪ್ಪತ್ತರ ಹರೆಯದ ತರುಣ. ಅವನ ಪಕ್ಕದಲ್ಲಿ ನಿಲ್ಲುವ ಚೀಫ್ ಪೆಟಿ ಆಫೀಸರನ ತಲೆ ಕಡಲಗಾಳಿಯಲ್ಲಿಯೇ ನರೆತಿರುತ್ತದೆ. ಹಿರಿಯನು ಕಿರಿಯನಿಗೆ ಸೆಲ್ಯೂಟ್ ಮಾಡುತ್ತಾನೆ. ಕಿರಿಯನು ಹಿರಿಯನಿಂದ ಕಲಿಯುತ್ತಾನೆ. ಕಲಿಯುವುದಕ್ಕೆ ನಾಚುವ ಅಧಿಕಾರಿಯಾಗಲಿ, ಕಲಿಸುವುದನ್ನು ಅಪ್ಪಣೆಯೆಂದು ಭ್ರಮಿಸುವ ಹಿರಿಯನಾಗಲಿ ಹಡಗಿಗೆ ಭಾರವೇ ಸರಿ.

ನಮ್ಮ ನಾಡಿನ ಹೆಸರನ್ನೇ ಹೊತ್ತ ಒಂದು ಹಡಗಿನ ಕಥೆಯನ್ನು ಇಲ್ಲಿ ನೆನೆಯಬಹುದು. ನೈಜೀರಿಯಾ ಎಂಬ ಬ್ರಿಟಿಷ್ ಕ್ರೂಸರ್ 1957ರ ಆಗಸ್ಟ್ 29ರಂದು ಐ.ಎನ್.ಎಸ್. ಮೈಸೂರು ಆಗಿ ಭಾರತದ ಸೇವೆಗೆ ಸೇರಿತು. ಅದರ ಲಾಂಛನ ಗಂಡಭೇರುಂಡ. ಅದರ ಮೊದಲ ಭಾರತೀಯ ಕಪ್ತಾನ ಎಸ್. ಎಂ. ನಂದಾ ಅವರೇ 1971ರ ಯುದ್ಧದಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದರು. 1961ರ ಡಿಸೆಂಬರ್ 18ರಂದು, ಗೋವಾ ವಿಮೋಚನೆಯ ಕಾಲದಲ್ಲಿ, ಮೈಸೂರು ಮತ್ತು ತ್ರಿಶೂಲ್ ಹಡಗುಗಳು ಕಾರವಾರದ ಎದುರಿನ ಅಂಜುದೀವ್ ನಡುಗಡ್ಡೆಯ ಮುಂದೆ ನಿಂತುವು. ದಡಕ್ಕಿಳಿದ ಮೊದಲ ತಂಡದ ನಾಯಕ ಲೆಫ್ಟಿನೆಂಟ್ ಅರುಣ್ ಆಡಿಟ್ಟೊ; ಎರಡನೆಯದರ ನಾಯಕ ಸೀನಿಯರ್ ಕಮಿಷನ್ಡ್ ಗನ್ನರ್ ನೋಯೆಲ್ ಕೆಲ್ಮನ್. ಗನ್ನರ್ ಎಂಬುದು ನಾವಿಕರ ಸಾಲಿನಿಂದ ಮೇಲೇರಿ ಬಂದವರ ಪದವಿ. ಎರಡನೆಯ ತಂಡದ ಮೇಲೆ ಪೋರ್ಚುಗೀಸರ ಗುಂಡಿನ ಮಳೆಯೇ ಸುರಿಯಿತು. ಕೆಲ್ಮನ್ ಗಾಯಗೊಂಡರೂ ಹಿಂದೆಗೆಯಲಿಲ್ಲ. ಅಂದಿನ ಕಾರ್ಯದಲ್ಲಿ ನೌಕಾಪಡೆಯ 7 ಮಂದಿ ಪ್ರಾಣ ತೆತ್ತರು. ನಡುಗಡ್ಡೆ ಭಾರತಕ್ಕೆ ಸೇರಿತು. ಸನ್ನದಿನ ಹಿರಿತನವೂ ಅನುಭವದ ಹಿರಿತನವೂ ಅಂದು ಒಂದೇ ದಡಕ್ಕೆ ಇಳಿದಿದ್ದುವು.

ಇವೆರಡರ ನಡುವೆ ಬಿರುಕು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಇತಿಹಾಸದಲ್ಲಿ ಸಾಕ್ಷಿಯುಂಟು. 1946ರ ಫೆಬ್ರವರಿ 18ರಂದು ಮುಂಬಯಿಯ ತಲ್ವಾರ್ ಎಂಬ ಸಂಕೇತ ತರಬೇತಿ ಕೇಂದ್ರದಲ್ಲಿ ನಾವಿಕರು ಮುಷ್ಕರ ಹೂಡಿದರು. ಸ್ವಾತಂತ್ರ್ಯದ ಹಂಬಲದ ಜೊತೆಗೆ ಕೆಟ್ಟ ಊಟ, ಬ್ರಿಟಿಷ್ ಅಧಿಕಾರಿಯ ಬೈಗುಳ, ವರ್ಣಭೇದ ಇವೂ ಅದಕ್ಕೆ ಕಾರಣವಾಗಿದ್ದುವು. ಕೆಲವೇ ದಿನಗಳಲ್ಲಿ ಅದು 78 ಹಡಗುಗಳಿಗೆ, ಸುಮಾರು 20,000 ನಾವಿಕರಿಗೆ ಹಬ್ಬಿತು. ಆಗ ನಾವಿಕರು ತಮ್ಮ ಮುಂದಾಳುಗಳನ್ನಾಗಿ ಆರಿಸಿಕೊಂಡದ್ದು ಯಾರನ್ನು? ಎಂ. ಎಸ್. ಖಾನ್ ಎಂಬ ಸಿಗ್ನಲ್‌ಮನ್ನನನ್ನು, ಮದನ್ ಸಿಂಗ್ ಎಂಬ ಟೆಲಿಗ್ರಾಫಿಸ್ಟನನ್ನು. ಅಧಿಕಾರ ಕಳೆದುಕೊಂಡ ವಿಶ್ವಾಸವು ನಾವಿಕರ ಸಾಲಿಗೇ ಹರಿದುಹೋಯಿತು. ಸರದಾರ ಪಟೇಲರ ಮಾತಿನ ಮೇಲೆ 23ರಂದು ಮುಷ್ಕರ ನಿಂತಿತಾದರೂ ಪಾಠ ಉಳಿಯಿತು. ಆಜ್ಞೆ ಪುಸ್ತಕದಿಂದ ಬರಬಹುದು, ಆದರೆ ವಿಧೇಯತೆ ಮನಸ್ಸಿನಿಂದಲೇ ಬರಬೇಕು.

ಸ್ವತಂತ್ರ ಭಾರತದ ನೌಕಾಪಡೆ ಈ ಪಾಠವನ್ನು ಮರೆಯಲಿಲ್ಲವೆಂಬುದಕ್ಕೆ 1971ರ ಡಿಸೆಂಬರ್ 9ರ ರಾತ್ರಿಯೇ ಸಾಕ್ಷಿ. ಅಂದು ಖುಕ್ರಿ ಹಡಗು ಮುಳುಗಿ 18 ಅಧಿಕಾರಿಗಳೂ 176 ನಾವಿಕರೂ ಸಮುದ್ರದ ಪಾಲಾದರು. ಕಪ್ತಾನ ಮಹೇಂದ್ರನಾಥ ಮುಲ್ಲಾ ತಮ್ಮವರನ್ನು ಪಾರುಮಾಡುವುದರಲ್ಲಿಯೇ ತೊಡಗಿದ್ದು, ತಾವು ಹಡಗನ್ನು ಬಿಡದೆ ಅದರೊಡನೆಯೇ ಮುಳುಗಿದರು. ಹೊಣೆ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ವ್ಯಾಖ್ಯಾನ ಬೇಕಾಗಿಲ್ಲ.

ಈ ವಿಚಾರ ಇಂದು ನಮ್ಮ ಮನೆಬಾಗಿಲಿಗೆ ಬಂದಿದೆ. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಂತೆ ನಾವಿಕನಾಗಿ ಸೇರುವ ತರುಣನ ಸೇವೆ 4 ವರ್ಷ. ಆಮೇಲೆ ನೂರಕ್ಕೆ 25ರವರೆಗೆ ಮಾತ್ರ ಸೇವೆಯಲ್ಲಿ ಮುಂದುವರಿಯಬಹುದು. ಹಿಂದೆ ನಾವಿಕನು ಮೊದಲಿಗೇ 15 ವರ್ಷಗಳ ಸೇವೆಗೆ ಸೇರುತ್ತಿದ್ದ. ಹೆಣ್ಣುಮಕ್ಕಳಿಗೂ ನಾವಿಕರಾಗುವ ಬಾಗಿಲು ಈ ಯೋಜನೆಯಿಂದಲೇ ತೆರೆಯಿತು. ಪಡೆ ಹರೆಯದ್ದಾಗುವುದೂ ಒಂದು ಲಾಭವೇ. ಆದರೆ ಚೀಫ್ ಪೆಟಿ ಆಫೀಸರನ ಕಿವಿ 4 ವರ್ಷಗಳಲ್ಲಿ ಪಳಗುವುದಿಲ್ಲ. ಆದುದರಿಂದ ಉಳಿಯುವವರ ಆಯ್ಕೆಯಲ್ಲಿ ಓಟದ ವೇಗ, ಪರೀಕ್ಷೆಯ ಅಂಕಗಳ ಜೊತೆಗೆ, ಜೊತೆಗಾರನಿಗೆ ಕೆಲಸ ಕಲಿಸುವ ತಾಳ್ಮೆ ಯಾರಲ್ಲಿದೆಯೆಂಬುದನ್ನೂ ತೂಗಿನೋಡಬೇಕಾಗಿದೆ. ನಾಳೆಯ ಹಡಗುಗಳ ಹಿರಿಯ ನಾವಿಕರು ಇವರಲ್ಲಿಂದಲೇ ಬರಬೇಕಷ್ಟೆ.

ನಮ್ಮ ಶಾಲೆಗಳ ಉಪಾಧ್ಯಾಯರು ಸೇನೆ ಸೇರಬಯಸುವ ಹುಡುಗರಿಗೆ ಓಟದ ಅಭ್ಯಾಸ ಮಾಡಿಸುತ್ತಾರೆ, ಗಣಿತ ಹೇಳಿಕೊಡುತ್ತಾರೆ, ಅದು ಬೇಕಾದದ್ದೇ. ಅದರೊಡನೆ, ತನಗಿಂತ ಕಡಮೆ ಓದಿದ ಹಿರಿಯನ ಮಾತನ್ನು ಗಮನವಿಟ್ಟು ಕೇಳುವ ಅಭ್ಯಾಸವನ್ನೂ ಮಾಡಿಸಲಿ. ಅದನ್ನು ಕಲಿಯುವುದಕ್ಕೆ ಕಡಲತೀರದವರೆಗೆ ಹೋಗಬೇಕಾಗಿಲ್ಲ. ರಜೆಯ ದಿನ ತೋಟದಲ್ಲಿ ಕಾಯಿ ಸುಲಿಯುವವರ ಪಕ್ಕದಲ್ಲಿ ಒಂದು ಗಳಿಗೆ ಕುಳಿತು, ಅವರು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುವುದನ್ನು ನೋಡಿದರೆ ಸಾಕು.