ಹಜಾರದ ಮೂಲೆಯ ಗುಡುಗು

ಕಳೆದ ದೀಪಾವಳಿಗೆ ನಮ್ಮ ಮನೆಗೆ ಹೋಂ ಥಿಯೇಟರ್ ಬಂದಿತು. ಐದು ಪುಟ್ಟ ಧ್ವನಿಪೆಟ್ಟಿಗೆಗಳು. ಅವುಗಳೊಡನೆ ಮಂದ್ರನಾದಕ್ಕೆಂದೇ ಮೀಸಲಾದ, ಅಕ್ಕಿಡಬ್ಬದ ಗಾತ್ರದ ಸಬ್‌ವೂಫರ್ ಎಂಬುದೊಂದು. ಜೋಡಿಸಲು ಬಂದ ಹುಡುಗನು, ಯಾರ ಕಾಲಿಗೂ ಎಡವದಿರಲೆಂದು ಅದನ್ನು ಹಜಾರದ ಮೂಲೆಗೆ ತಳ್ಳಿ ಹೋದನು. ಮೂರೇ ದಿನಗಳಲ್ಲಿ ಮನೆಯಲ್ಲಿ ವ್ಯಾಜ್ಯ ಹುಟ್ಟಿತು.

"ವಾರ್ತೆ ಓದುವವನು ಹಂಡೆಯೊಳಗೆ ಕುಳಿತು ಮಾತನಾಡುತ್ತಾನಲ್ಲಯ್ಯ, ಒಂದಕ್ಷರವೂ ತಿಳಿಯದು" ಎಂದರು ನಿವೃತ್ತ ಉಪಾಧ್ಯಾಯರಾದ ನಮ್ಮ ತಂದೆಯವರು. ಅವರಿಂದ ಒಂದು ಮಾರು ದೂರದಲ್ಲಿ, ಹಜಾರದ ನಡುವೆ ಚಾಪೆಯ ಮೇಲೆ ಹೂಕಟ್ಟುತ್ತಿದ್ದ ತಾಯಿಯವರು, "ನನಗೆ ಚೆನ್ನಾಗಿಯೇ ಕೇಳಿಸುತ್ತದೆ. ನಿಮ್ಮ ಕಿವಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ" ಎಂದರು. ಮರುದಿನದಿಂದ ತಂದೆಯವರು ಹಜಾರಕ್ಕೆ ಬರುವುದನ್ನೇ ಬಿಟ್ಟರು. ಊಟವಾದೊಡನೆ ಕೋಣೆಯ ಬಾಗಿಲು ಹಾಕಿಕೊಳ್ಳುವರು. ಕಿವಿಯ ವೈದ್ಯರನ್ನು ಕಾಣಲು ನಾನೂ ದಿನ ಗೊತ್ತುಮಾಡುವುದರಲ್ಲಿದ್ದೆ.

ತಡೆದವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರು. ಕಿವಿಯ ವಿಚಾರವನ್ನು ಅವರು ಕೇಳಲೇ ಇಲ್ಲ. "ಹಜಾರದ ಉದ್ದವೆಷ್ಟು?" ಎಂದರು. 14 ಅಡಿ ಎಂದೆ.

ನಾದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆ. ಸೆಕೆಂಡಿಗೆ 40 ಬಾರಿ ಕಂಪಿಸುವ ಮಂದ್ರಸ್ವರದ ಒಂದು ಅಲೆಯ ಉದ್ದ ಎಂಟೂವರೆ ಮೀಟರು, ಎಂದರೆ 28 ಅಡಿ. ನಮ್ಮ ಹಜಾರ ಅದರ ಸರಿಯರ್ಧ! ಇಂತಹ ಅಲೆಯು ಎದುರುಬದುರು ಗೋಡೆಗಳ ನಡುವೆ ಹೋಗಿ ಬಂದು, ತನ್ನೊಡನೆ ತಾನೇ ಕೂಡಿಕೊಂಡು, ನಿಂತಲ್ಲೇ ನಿಂತು ಮೊಳಗುತ್ತದೆ. ಆ ಎರಡು ಗೋಡೆಗಳ ಬಳಿ ಅದರ ಒತ್ತಡ ಅತ್ಯಧಿಕ. ನಟ್ಟನಡುವೆ ಹೆಚ್ಚುಕಡಿಮೆ ಶೂನ್ಯ. ತಂದೆಯವರ ಕುರ್ಚಿ ಹಿಂದಿನ ಗೋಡೆಗೆ ಒರಗಿತ್ತು. ತಾಯಿಯವರ ಚಾಪೆ ನಡುವೆ ಇತ್ತು. ಇಬ್ಬರೂ ನಿಜವನ್ನೇ ನುಡಿದಿದ್ದರು. ಮೂಲೆಯೆಂಬುದೋ, ಉದ್ದ ಅಗಲ ಎತ್ತರಗಳ ಮೊಳಗನ್ನು ಒಟ್ಟಿಗೇ ಎಬ್ಬಿಸುವ ಸ್ಥಾನ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಬಲವಾದ ಮಂದ್ರನಾದವು ತನಗಿಂತ ಮೇಲಿನ ಸ್ವರಗಳನ್ನು ಮುಚ್ಚಿಹಾಕುತ್ತದೆ. ಮಾತು ತಿಳಿಯಲು ವ್ಯಂಜನಗಳು ಬೇಕು. ಅವುಗಳ ಗುರುತು ಬಹುಮಟ್ಟಿಗೆ ಮೇಲಿನ ಸ್ವರಗಳಲ್ಲಿದೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದೂ ಅವುಗಳನ್ನೇ.

ದಪ್ಪ ಪರದೆಗಳನ್ನು ತರಿಸೋಣವೆಂದು ನನ್ನಾಕೆ ಸೂಚಿಸಿದಳು. ಪರದೆ ಜಮಖಾನೆಗಳು ನುಂಗುವುದು ಮೇಲಿನ ಸ್ವರಗಳನ್ನು; 28 ಅಡಿಯ ಅಲೆಗೆ ಅವು ಯಾವ ಲೆಕ್ಕ? ಮಾತು ಇನ್ನಷ್ಟು ಮಂಕಾಗುತ್ತಿತ್ತು, ಅಷ್ಟೆ.

ಮಿತ್ರರು ಹೇಳಿದ ಉಪಾಯ ವಿಚಿತ್ರವಾಗಿತ್ತು. ಸಬ್‌ವೂಫರನ್ನೇ ತಂದೆಯವರ ಕುರ್ಚಿಯ ಮೇಲೆ ಕುಳ್ಳಿರಿಸಿ, ಮಂದ್ರನಾದ ತುಂಬಿದ ಹಾಡೊಂದನ್ನು ಹಾಕಿ, ಗೋಡೆಗುಂಟ ಅಂಬೆಗಾಲಿಟ್ಟು ಕಿವಿಗೊಡುತ್ತ ಸಾಗಬೇಕು. ನಾದ ಎಲ್ಲಿ ಹದವಾಗಿ ಕೇಳಿಸುವುದೋ ಅಲ್ಲಿ ಪೆಟ್ಟಿಗೆಯನ್ನಿಡಬೇಕು. ನಾದದ ಮೂಲವೂ ಕಿವಿಯೂ ಸ್ಥಳ ಅದಲುಬದಲು ಮಾಡಿಕೊಂಡರೂ ಫಲ ಒಂದೇ. ಎಂ.ಎ. ಪದವೀಧರನೊಬ್ಬನು ಭಾನುವಾರ ಬೆಳಗ್ಗೆ ಮಂಡಿಯೂರಿ ಹಜಾರದ ಪ್ರದಕ್ಷಿಣೆ ಮಾಡುವುದನ್ನು ಕಂಡ ಹಾಲಿನವನು ಏನೆಂದುಕೊಂಡನೋ! ಪಕ್ಕದ ಗೋಡೆಯ ನಡುಭಾಗದ ಹತ್ತಿರ ಆ ಗುಂಯ್‌ಗುಟ್ಟುವಿಕೆ ಇಳಿದು, ಹಾಡು ಹಾಡಾಗಿ ಕೇಳಿಸಿತು.

ಉಳಿದುದು ಸುಲಭ. ಕುರ್ಚಿಯನ್ನು ಗೋಡೆಯಿಂದ ಎರಡೂವರೆ ಅಡಿ ಮುಂದೆ ತಂದೆವು. ಸಬ್‌ವೂಫರಿನ ಧ್ವನಿಯನ್ನು ತಗ್ಗಿಸಿದೆವು. ಯಾವ ಸ್ವರದಿಂದ ಕೆಳಗಿನದು ಅದರ ಪಾಲಿಗೆ ಹೋಗಬೇಕೆಂಬ ಎಲ್ಲೆ 120 ಹರ್ಟ್ಸ್ ಇತ್ತು; ಅದನ್ನು 80ಕ್ಕೆ ಇಳಿಸಿದುದರಿಂದ ಗಂಡಸರ ಮಾತು ಆ ಪೆಟ್ಟಿಗೆಯಿಂದ ಬಹುಮಟ್ಟಿಗೆ ಬಿಡುಗಡೆಯಾಯಿತು. ಕೆಳಗೆ ರಬ್ಬರಿನ ಹಾಸನ್ನೂ ಇಟ್ಟೆ; ಗಾಜಿನ ಕಪಾಟಿನ ಗಲಗಲ ನಿಂತಿತೇ ಹೊರತು ಹೆಚ್ಚಿನ ಉಪಕಾರವಾಗಲಿಲ್ಲ.

ಅಂದು ಸಂಜೆ ಬಹಳ ಹೇಳಿದ ಮೇಲೆ ತಂದೆಯವರು ವಾರ್ತೆಗೆ ಬಂದು ಕುಳಿತರು. ಎರಡು ನಿಮಿಷ ಮಾತಿಲ್ಲ. ಆಮೇಲೆ ಹುಬ್ಬು ಗಂಟಿಕ್ಕಿ, "ಪರಿಹಾರಧನವನ್ನು ಈತ ಪರಿಹಾರದನ ಮಾಡಿದ, ಕೇಳಿಸಿತೇನೋ?" ಎಂದರು.

ಕನ್ನಡ ಪಾಠ ಹೇಳುವ ನನಗೆ ಕೇಳಿಸಿರಲಿಲ್ಲ.